ನೀಲಿ ಮೈ, ಮೂರನೆಯ ಕಾಲು

ಓದುಗರ ಪ್ರಶ್ನೆಗಳಿಗೆ ಉತ್ತರ. ಆಟಿಸಂ (ಸಂವಹನ, ನಡವಳಿಕೆ, ಸದ್ದು-ಸ್ಪರ್ಶಗಳಿಗೆ ಮೈ ಓಗೊಡುವ ರೀತಿ ಬೇರೆಯಾಗಿರುವ ಸ್ಥಿತಿ), ಅಂದಚೆಂದ, ಕಥೆಗಳಲ್ಲಿ ಬರುವ ‘ಹೊರಗಿನವರ’ ಬಳಗ – ಈ ಮೂರರ ಸುತ್ತ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ: ಮಗಳಿಗೆ 15 ವರ್ಷ, ಆಟಿಸಂ ಇದೆ. ಮನೆಗೆ ಬಂದವರೆಲ್ಲ ‘ಎಷ್ಟು ಲಕ್ಷಣವಾಗಿದ್ದಾಳೆ, ಸ್ವಲ್ಪ ನಗಬಾರದಾ’ ಅನ್ನುತ್ತಾರೆ. ಅವಳು ಮೂರು ಹೊತ್ತೂ ಎಕ್ಸ್-ಮೆನ್ ಕಾಮಿಕ್ಸ್ ಓದುತ್ತಾಳೆ. ‘ನಾನು ಅವರ ಕಡೆಯವಳು’ ಅನ್ನುತ್ತಾಳೆ. ಸ್ಕೆಚ್ ಪೆನ್ನಿನಲ್ಲಿ ಕೈಗೆಲ್ಲ ನೀಲಿ ಬಳಿದುಕೊಳ್ಳುತ್ತಾಳೆ. ತಾನು ಕುರೂಪಿ ಅಂದುಕೊಂಡಿದ್ದಾಳೆಯೇ? ಪುಸ್ತಕ ಎತ್ತಿಡಬೇಕೇ? – ಹಾಸನ

ಉತ್ತರ: ಎತ್ತಿಡಬೇಡಿ. ಅವಳು ಆರಿಸಿಕೊಂಡಿರುವ ಪಾತ್ರ ಯಾವುದೆಂದು ಮೊದಲು ನೋಡಿ. ನೀಲಿ ಅಂದಮೇಲೆ ನೈಟ್‌ಕ್ರಾಲರ್ ಇರಬಹುದು. 1963ರಲ್ಲಿ ಆ ಕಾಮಿಕ್ಸ್ ಶುರುವಾದಾಗ ಅದರ ನಾಯಕರು – ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇದ್ದು ಜನ ದೂರವಿಡುವವರು – ಹೇಗೋ ಮರೆಮಾಚಿಕೊಂಡು ಬೀದಿಯಲ್ಲಿ ಓಡಾಡಬಲ್ಲವರಾಗಿದ್ದರು. ಒಬ್ಬ ಕನ್ನಡಕ ಹಾಕಿಕೊಂಡರೆ ಸಾಕು, ಇನ್ನೊಬ್ಬ ರೆಕ್ಕೆಯನ್ನು ಕೋಟಿನೊಳಗೆ ಬಿಗಿದುಕೊಂಡರೆ ಸಾಕು. 1975ರಲ್ಲಿ ಬಂದ ನೈಟ್‌ಕ್ರಾಲರ್‌ಗೆ ಆ ಅನುಕೂಲ ಇಲ್ಲ: ನೀಲಿ ಮೈ, ಚೂಪು ಬಾಲ, ಕೈಗೆ ಮೂರೇ ಬೆರಳು. ನೋಡಿದವರಿಗೆ ಮಾಮೂಲಿ ಮನುಷ್ಯನಂತೆ ಕಾಣಿಸುವ ಒಂದು ಯಂತ್ರವನ್ನು ಅವನಿಗೆ ಕೊಡುತ್ತಾರೆ. ಸ್ವಲ್ಪ ಕಾಲ ಅದನ್ನು ಬಳಸಿ, ಆಮೇಲೆ ಬಿಟ್ಟು, ನೀಲಿಯಾಗಿಯೇ ಹೊರಗೆ ಹೋಗತೊಡಗುತ್ತಾನೆ. 1983ರಲ್ಲಿ ಅದೇ ಕಥಾಲೋಕಕ್ಕೆ ಮಾರ್ಲಾಕ್ ಎಂಬ ಬಳಗ ಸೇರಿತು. ಜನರ ನಡುವೆ ಮುಖ ತೋರಿಸಲಾಗದೆ ನ್ಯೂಯಾರ್ಕಿನ ನೆಲದಡಿಯ ಸುರಂಗಗಳಲ್ಲಿ ಬಾಳುವವರು ಅವರು.

ಆ ಯಂತ್ರ ಏನೆಂದು ಆಟಿಸಂ ಇರುವ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಕಣ್ಣು ಕೊಡಲಾಗದೆ ಎದುರಿನವರ ಹುಬ್ಬುಗಳ ನಡುವೆ ನೋಡುವುದು, ನಗುವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದು, ನಾಳೆ ಆಡಬೇಕಾದ ಮಾತನ್ನು ರಾತ್ರಿಯೇ ಬಾಯಿಪಾಠ ಮಾಡುವುದು, ಬೆರಳು ಆಡಿಸುವುದನ್ನು ದುಪಟ್ಟಾದೊಳಗೆ ಮುಚ್ಚಿಡುವುದು – ಇವೆಲ್ಲಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಶಾಲೆಯಿಂದ ಬಂದವಳೇ ಚೀಲ ಎಸೆದು ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಮಲಗುತ್ತಾಳಲ್ಲ, ಅದು ಇದಕ್ಕೆ ತೆರುವ ಬೆಲೆ.

‘ನಗಬಾರದಾ’ ಅನ್ನುವವರ ವಿಚಾರಕ್ಕೆ ಬರೋಣ. 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಆಟಿಸಂ ಇರುವವರು ಮಾತಾಡುವ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ನೋಡಿದವರು ಕೆಲವೇ ಸೆಕೆಂಡುಗಳಲ್ಲಿ ‘ಇವರ ಜೊತೆ ಮಾತಾಡಲು ಅಷ್ಟೊಂದು ಇಷ್ಟವಿಲ್ಲ’ ಎಂಬ ಕಡೆಗೆ ವಾಲಿದರು. ಅವೇ ಮಾತುಗಳನ್ನು, ಮುಖವೂ ದನಿಯೂ ಇಲ್ಲದೆ, ಬರೆದು ಕೊಟ್ಟಾಗ ಆ ತಾರತಮ್ಯ ಮಾಯವಾಯಿತು. ಮಾತಿನಲ್ಲಿ ಕೊರತೆ ಇರಲಿಲ್ಲ. ಕಣ್ಣು ಕಿವಿಗಳು ಒಗ್ಗಿಕೊಂಡ ಒಂದು ಧಾಟಿ ಇದೆ, ಅದು ಸಿಗದಾಗ ಜನ ಹಿಂದೆ ಸರಿಯುತ್ತಾರೆ. ನಿಮ್ಮ ಮಗಳ ಲಕ್ಷಣವಾದ ಮುಖ ಇದಕ್ಕೆ ರಕ್ಷಣೆ ಕೊಡುವುದಿಲ್ಲ. ಚೆಂದದ ಮುಖ ನಗದಿದ್ದರೆ ಜನ ಅದನ್ನು ಜಂಬ ಅಂದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

‘ನೀನು ಕುರೂಪಿ ಅಂದುಕೊಂಡಿದ್ದೀಯಾ’ ಎಂದು ನೇರವಾಗಿ ಕೇಳಬೇಡಿ. ‘ಅವನು ಆ ಯಂತ್ರ ಯಾವಾಗ ಹಾಕಿಕೊಳ್ಳುತ್ತಿದ್ದ? ಯಾಕೆ ಬಿಟ್ಟ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಬಾಯಲ್ಲಿ ಬರದಿದ್ದರೆ ಬರೆದುಕೊಡಲಿ. ಅವಳಿಗೆ ನೀಲಿ ಬೇಕಿದ್ದರೆ ಸ್ಕೆಚ್ ಪೆನ್ನಿನ ಬದಲು ಮುಖಕ್ಕೆ ಹಚ್ಚಲೆಂದೇ ತಯಾರಿಸಿದ, ನೀರಿನಲ್ಲಿ ಕರಗುವ ಬಣ್ಣ ಕೊಡಿಸಿ. ಆತಂಕ ಪಡಬೇಕಾದ್ದು ಬೇರೆ ಗುರುತುಗಳಿಗೆ: ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಕನ್ನಡಿಯ ಮುಂದೆ ಒಂದೇ ‘ದೋಷ’ ಹುಡುಕುವುದು ಅಥವಾ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚುವುದು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದು, ಊಟ ಇಳಿಯುತ್ತ ಹೋಗುವುದು, ಬದುಕೇ ಬೇಡ ಅನ್ನುವುದು. ಇವುಗಳಲ್ಲಿ ಒಂದು ಕಂಡರೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ನಿಮ್ಹಾನ್ಸ್‌ನ ಮಕ್ಕಳ ವಿಭಾಗವನ್ನೋ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ಕಥೆಗಳಲ್ಲಿ ಒಂದು ಐಬಿದೆ, ಅದನ್ನೂ ಅವಳ ಜೊತೆ ಮಾತಾಡಿ. ಅಲ್ಲಿ ವಿಚಿತ್ರವಾಗಿರುವವನು ಲೋಕವನ್ನು ಕಾಪಾಡಿದ ಮೇಲೆ ಜನ ಅವನನ್ನು ಸಹಿಸಿಕೊಳ್ಳುತ್ತಾರೆ. ಮಗಳು ಯಾರನ್ನೂ ಕಾಪಾಡಬೇಕಿಲ್ಲ. ‘ಆಟಿಸಂ ಇರುವವರಿಗೆಲ್ಲ ಒಂದು ಅದ್ಭುತ ಶಕ್ತಿ ಇರುತ್ತೆ’ ಎಂದು ನೆಂಟರು ಸಮಾಧಾನ ಹೇಳಲು ಬಂದರೂ ಇದೇ ಉತ್ತರ.

ಪ್ರಶ್ನೆ: ‘ನೋಡೋಕೆ ಸರಿಯಾಗೇ ಇದ್ದಾನಲ್ಲ, ಆಟಿಸಂ ಎಲ್ಲಿಂದ ಬಂತು’ ಅನ್ನುವವರಿಗೆ ಏನು ಹೇಳುವುದು? – ತುಮಕೂರು

ಉತ್ತರ: ‘ಅದು ಮುಖದಲ್ಲಿ ಇರುವುದಿಲ್ಲ’ ಅಂದರೆ ಸಾಕು. ಆಟಿಸಂಗೆ ಮುಖಲಕ್ಷಣವಿಲ್ಲ, ರಕ್ತಪರೀಕ್ಷೆಯೂ ಇಲ್ಲ. ನಡವಳಿಕೆ, ಸಂವಹನ, ಸದ್ದು-ಸ್ಪರ್ಶಗಳಿಗೆ ಮೈ ಓಗೊಡುವ ರೀತಿ, ಇವನ್ನು ನೋಡಿ, ಬಾಲ್ಯದ ವಿವರ ಕೇಳಿ ನಿರ್ಧರಿಸುತ್ತಾರೆ. ನಮ್ಮ ದೇಶದಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. ಮುಖದ ಅಂದಕ್ಕೆ ಅದರಲ್ಲಿ ಅಂಕವಿಲ್ಲ. ಪರೀಕ್ಷೆಗೆ ಕರೆದುಕೊಂಡು ಹೋಗುವ ದಿನ ‘ಚೆನ್ನಾಗಿ ನಡ್ಕೋ’ ಎಂದು ಹೇಳಿ ಕಳಿಸಬೇಡಿ. ಹುಡುಗ ಅಂದು ಶಕ್ತಿಮೀರಿ ಮಾಸ್ಕಿಂಗ್ ಮಾಡುತ್ತಾನೆ, ಅಂಕ ಕಡಿಮೆ ಬರುತ್ತದೆ, ಸೌಲಭ್ಯ ತಪ್ಪುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 13ರಿಂದ 18ರೊಳಗಿನ ಐದಾರು ಮಕ್ಕಳಿದ್ದಾರೆ, ಎಲ್ಲರಿಗೂ ಆಟಿಸಂ. ‘ಸೋಶಿಯಲ್ ಸ್ಕಿಲ್ಸ್’ ತರಗತಿ ಅಂದರೆ ಓಡುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಿದರೆ ಒಳ್ಳೆಯದು ಎಂದು ಕೇಳಿದ್ದೇವೆ. ಹೇಗೆ ಶುರು ಮಾಡುವುದು? ಏನೇನು ಬೇಕು? – ಮೈಸೂರು

ಉತ್ತರ: ಒಳ್ಳೆಯ ಯೋಚನೆ. 1974ರಲ್ಲಿ ಬಂದ ಆಟ ಇದು. ಮೇಜಿನ ಸುತ್ತ ಕುಳಿತು ಬಾಯಿಮಾತಿನಲ್ಲೇ ಕಥೆ ಕಟ್ಟುತ್ತಾರೆ. ಒಬ್ಬರು ಕಥೆ ನಡೆಸುವವರು, ಅವರನ್ನು ಡಿಎಂ (ಡಂಜನ್ ಮಾಸ್ಟರ್) ಅನ್ನುತ್ತಾರೆ. ಉಳಿದವರು ತಲೆಗೊಂದು ಪಾತ್ರ. ‘ನಾನು ಗೋಡೆ ಹತ್ತುತ್ತೇನೆ’ ಅಂದರೆ 20 ಮುಖದ ದಾಳ ಉರುಳಿಸಿ, ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕ ಕೂಡಿಸಬೇಕು. ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟದ್ದಕ್ಕೆ 20 ಮುಟ್ಟಬೇಕು. ಈ ಮಕ್ಕಳಿಗೆ ಒಗ್ಗುವುದು ಇದೇ ಕಾರಣಕ್ಕೆ: ಯಾವಾಗ ಮಾತಾಡಬೇಕು, ಏನು ಮಾತಾಡಬೇಕು, ಮಾತು ಫಲಿಸಿತೋ ಇಲ್ಲವೋ – ಎಲ್ಲ ಕಣ್ಣೆದುರಿಗಿದೆ. ಶಾಲೆಯ ಊಟದ ಬಿಡುವಿನಲ್ಲಿ ಈ ನಿಯಮಗಳು ಯಾರ ಕೈಯಲ್ಲೂ ಪುಸ್ತಕವಾಗಿ ಸಿಗುವುದಿಲ್ಲ.

ಪಾತ್ರಕ್ಕೆ ಆರು ಗುಣಗಳ ಅಂಕ ಇರುತ್ತದೆ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಪ್ರಭಾವ. ರೂಪಕ್ಕೆ ಅಂಕವಿಲ್ಲ. 1985ರಲ್ಲಿ ಹೊರಬಂದ ಒಂದು ಪೂರಕ ನಿಯಮಪುಸ್ತಕದಲ್ಲಿ ಅಂದಕ್ಕೆಂದೇ ಏಳನೆಯ ಅಂಕ ಸೇರಿಸಿದ್ದರು, 1989ರ ಎರಡನೆಯ ಆವೃತ್ತಿಯ ಮೂಲ ನಿಯಮಗಳಲ್ಲಿ ಅದು ಉಳಿಯಲಿಲ್ಲ. ಕೊಂಬು, ಬಾಲ ಇರುವ ಟೀಫ್ಲಿಂಗ್ ಎಂಬ ಕುಲ ಈಗಿನ ನಿಯಮಪುಸ್ತಕದಲ್ಲೇ ಇದೆ. ಊರವರು ಅನುಮಾನದಿಂದ ನೋಡುವ ಕುಲ ಅದು. ಮೊದಲ ದಿನ ಎಲ್ಲರೂ ಅದನ್ನೇ ಕೇಳಿದರೆ ಎಲ್ಲರಿಗೂ ಕೊಡಿ.

ಬೇಕಾದ್ದು ಇಷ್ಟು. ನಾಲ್ವರು ಆಟಗಾರರು, ಹೆಚ್ಚೆಂದರೆ ಐವರು. ಆರಾದರೆ ಒಬ್ಬರ ಸರದಿ ಬರುವಷ್ಟರಲ್ಲಿ ಇನ್ನೊಬ್ಬರು ಮೇಜಿನ ಕೆಳಗಿರುತ್ತಾರೆ. ಏಳು ದಾಳಗಳ ಸೆಟ್ ತಲೆಗೊಂದು. ಹಂಚಿಕೊಳ್ಳಿ ಅನ್ನಬೇಡಿ, ಅಲ್ಲೇ ಜಗಳ ಹುಟ್ಟುವುದು. ಮೂಲ ನಿಯಮಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ದುಬಾರಿ ಪುಸ್ತಕ ಸದ್ಯಕ್ಕೆ ಬೇಡ. ಪ್ಲಾಸ್ಟಿಕ್ ದಾಳ ಮರದ ಮೇಜಿಗೆ ಬೀಳುವ ಸದ್ದು ಕೆಲವರ ತಲೆಗೆ ಸುತ್ತಿಗೆ ಬಡಿದಂತಿರುತ್ತದೆ. ಊಟದ ತಟ್ಟೆಯೊಳಗೆ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿ ಅದರಲ್ಲಿ ಉರುಳಿಸಿ. ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಬದಲಿಸಿ. ಎರಡು ನಿಮಿಷದ ಮರಳು ಗಡಿಯಾರ ಒಂದು. ಮಧ್ಯದಲ್ಲಿ ದೊಡ್ಡ ‘ಎಕ್ಸ್’ ಬರೆದ ರಟ್ಟು ಒಂದು: ಕಥೆಯ ಯಾವ ಭಾಗ ಯಾರಿಗೆ ಹಿಂಸೆಯಾದರೂ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗಬೇಕು.

ಮೊದಲ ಭೇಟಿಯಲ್ಲಿ ಆಟ ಬೇಡ. ಪಾತ್ರ ತಯಾರಿಸಿ, ಜಾಗ ಗೊತ್ತುಮಾಡಿಕೊಳ್ಳಿ, ಏನು ತಿನ್ನುತ್ತಾರೆ ಕೇಳಿ. ಎರಡನೆಯ ವಾರದಿಂದ 90 ನಿಮಿಷ: ಮೊದಲ ಹತ್ತು ನಿಮಿಷ ಹಿಂದಿನ ಕಥೆ, ಅರ್ಧ ಗಂಟೆ ಆಟ, 15 ನಿಮಿಷ ಬಿಡುವು, ಮತ್ತೆ ಅರ್ಧ ಗಂಟೆ, ಕೊನೆಯ ಐದು ನಿಮಿಷ ಮುಂದಿನ ವಾರ ಏನೆಂಬ ಸುಳಿವು. ಇದನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ವಾರ, ಹೊತ್ತು, ಕೋಣೆ, ಕುರ್ಚಿ ಬದಲಾಗಬಾರದು. ಬದಲಾಗಲೇಬೇಕಾದರೆ ಎರಡು ದಿನ ಮೊದಲೇ ಬರೆದು ತಿಳಿಸಿ.

ಎಡವಟ್ಟು ಆಗುವ ಜಾಗಗಳು ಗೊತ್ತಿರಲಿ. ಮೊದಲನೆಯದು ದಾಳದಲ್ಲಿ 1 ಬೀಳುವುದು. ದಾಳಿ ಮಾಡುವಾಗ 1 ಬಿದ್ದರೆ ಗುರಿ ತಪ್ಪಿದಂತೆಯೇ, ಎಷ್ಟು ಅಂಕ ಕೂಡಿಸಿದರೂ ಉಪಯೋಗವಿಲ್ಲ. ಒಂದು ಸಲಕ್ಕೆ ಅದು ನೂರಕ್ಕೆ ಐದರಷ್ಟೇ ಸಾಧ್ಯ, ಆದರೆ ಒಬ್ಬ 15 ಸಲ ಉರುಳಿಸಿದರೆ ಒಮ್ಮೆಯಾದರೂ 1 ಬೀಳುವ ಸಾಧ್ಯತೆ ನೂರಕ್ಕೆ 54. ಈ ಲೆಕ್ಕವನ್ನು ಮೊದಲೇ ಹಲಗೆಯ ಮೇಲೆ ಮಾಡಿ ತೋರಿಸಿ. ‘ನನಗೆ ಮಾತ್ರ ಯಾಕೆ’ ಎಂಬ ಸಂಕಟ ಅರ್ಧ ಇಳಿಯುತ್ತದೆ. ಕರುಣೆಯಿಂದ ದಾಳದ ಸಂಖ್ಯೆ ಬದಲಿಸಿ ಹೇಳಲು ಹೋಗಬೇಡಿ. ಗೊತ್ತಾಗಿಬಿಡುತ್ತದೆ, ಆಮೇಲೆ ನಿಯಮದ ಮೇಲಿನ ನಂಬಿಕೆಯೇ ಹೋಗುತ್ತದೆ. ಎರಡನೆಯದು, ನಿಯಮಪಂಡಿತ. ಪ್ರತಿ ಗುಂಪಿನಲ್ಲೂ ಒಬ್ಬ ಪುಟಸಂಖ್ಯೆ ಸಮೇತ ಡಿಎಂ ತಪ್ಪು ಹಿಡಿಯುತ್ತಾನೆ. ಅವನನ್ನೇ ನಿಯಮ ನೋಡುವ ಅಧಿಕಾರಿ ಮಾಡಿ: ಕೇಳಿದಾಗ ಒಂದು ನಿಮಿಷದಲ್ಲಿ ಹುಡುಕಿ ಹೇಳಬೇಕು, ಸಿಗದಿದ್ದರೆ ಅಂದಿಗೆ ಡಿಎಂ ಮಾತೇ ಕೊನೆ. ಮೂರನೆಯದು ಪಾತ್ರದ ಸಾವು. ಮೊದಲ ಮೂರು ತಿಂಗಳು ಯಾರ ಪಾತ್ರವೂ ಸಾಯುವುದಿಲ್ಲ ಎಂದು ಬರೆದು ಸಹಿ ಹಾಕಿ. ಕೊನೆಯದು ತಂದೆ-ತಾಯಿ. ಕೋಣೆಯಲ್ಲಿ ಕೂತು ‘ಹೇಳು ಪುಟ್ಟಾ, ನಿನ್ನ ಸರದಿ’ ಅನ್ನುತ್ತಾರೆ. ಅವರಿಗೆ ಹೊರಗೆ ಕಾಫಿ ಕೊಡಿ.

ಮಾತಾಡದ ಮಕ್ಕಳೂ ಆಡಬಹುದು. ‘ಹೊಡಿ, ಓಡು, ಅಡಗು, ಮಾತಾಡು, ನೋಡು, ಸಹಾಯ ಮಾಡು’ ಎಂದು ಆರು ಚೀಟಿ ಬರೆದು ಮುಂದಿಡಿ, ತೋರಿಸಿದರೆ ಆಯಿತು. ಮತ್ತೊಂದು ಮಾತು: ಇದನ್ನು ಥೆರಪಿ ಎಂದು ಕರೆಯಬೇಡಿ, ಮುಗಿದ ಮೇಲೆ ‘ಇವತ್ತು ಏನು ಕಲಿತೆ’ ಎಂದು ಕೇಳಬೇಡಿ. ಮಕ್ಕಳು ಮುಂದಿನ ವಾರವೂ ಬಂದರೆ ನಡೆಯುತ್ತಿದೆ ಎಂದರ್ಥ.

ಪ್ರಶ್ನೆ: ನನಗೆ 23. ಆಟಿಸಂ ಎಂದು ಹೋದ ವರ್ಷ ತಿಳಿಯಿತು. ಮುಂದಿನ ತಿಂಗಳು ಅಕ್ಕನ ಮದುವೆ. ರೇಷ್ಮೆ ಸೀರೆ, ಮೇಕಪ್, ಮಲ್ಲಿಗೆ, ವಾಲಗ – ನೆನೆಸಿಕೊಂಡರೇ ಮೈ ಉರಿಯುತ್ತದೆ. ಆದರೆ ಚೆಂದ ಕಾಣಬೇಕು ಅಂತಲೂ ಆಸೆ ಇದೆ. – ಶಿವಮೊಗ್ಗ

ಉತ್ತರ: ಎರಡೂ ಒಟ್ಟಿಗೆ ಆಗುತ್ತವೆ, ಸಿದ್ಧತೆಗೆ ಮೂರು ವಾರ ಬೇಕು ಅಷ್ಟೆ.

ಸೀರೆ: ಅಗಲ ಜರಿಯಂಚಿನ ಭಾರದ ಸೀರೆಗಿಂತ ಮೈಸೂರು ರೇಷ್ಮೆಯ ಕ್ರೇಪ್ ತೆಳು, ಮೈಗೆ ಚುಚ್ಚುವುದಿಲ್ಲ. ಜರಿ ತಾಗುವುದು ಸೊಂಟ ಮತ್ತು ಎಡ ಭುಜಕ್ಕೆ. ರವಿಕೆಗೆ ಪೂರ್ತಿ ಹತ್ತಿಯ ಒಳಪದರ ಹಾಕಿಸಿ, ಒಳಹೊಲಿಗೆಯ ಅಂಚು ಚರ್ಮಕ್ಕೆ ತಾಗದಂತೆ ಮಡಚಿ ಹೊಲಿಯಲು ದರ್ಜಿಗೆ ಹೇಳಿ. ಲೇಬಲ್ ಕತ್ತರಿಸಿದರೆ ಸಾಲದು, ಉಳಿದ ಚೂರು ಇನ್ನೂ ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ತೆಗೆಸಿ. ನೆರಿಗೆ ಮೊದಲೇ ಹೊಲಿಸಿಟ್ಟರೆ ಅಂದು ಬೆಳಗ್ಗೆ ನಾಲ್ಕು ಜನ ನಿಮ್ಮನ್ನು ಮುಟ್ಟಿ ಎಳೆದಾಡುವುದು ತಪ್ಪುತ್ತದೆ. ಮನೆಯಲ್ಲಿ ಮೂರು ಸಲ ಉಟ್ಟು ಅಭ್ಯಾಸ ಮಾಡಿ: ಮೊದಲು ಹತ್ತು ನಿಮಿಷ, ಆಮೇಲೆ ಮುಕ್ಕಾಲು ಗಂಟೆ, ಕೊನೆಗೆ ಎರಡು ಗಂಟೆ, ಊಟವೂ ಅದರಲ್ಲೇ. ಎಲ್ಲಿ ಉರಿಯುತ್ತದೋ ಚೀಟಿಯಲ್ಲಿ ಬರೆದು ದರ್ಜಿಗೆ ಕೊಡಿ.

ಹೂವು: ಮಲ್ಲಿಗೆಯ ಘಮ ತಲೆನೋವು ತರುತ್ತಿದ್ದರೆ ಕನಕಾಂಬರ ಮುಡಿಯಿರಿ. ಅದಕ್ಕೆ ವಾಸನೆಯೇ ಇಲ್ಲ, ಬಣ್ಣವೋ ಮಲ್ಲಿಗೆಗಿಂತ ಒಂದು ಕೈ ಮೇಲು. (ಇದು ನಮ್ಮ ಪಕ್ಷಪಾತ.) ಆದರೆ ಪಕ್ಕದಲ್ಲಿ ಕೂರುವವರ ಜಡೆಯ ಮಲ್ಲಿಗೆಗೆ ಏನೂ ಮಾಡಲಾಗದು, ಸಾಲಿನ ತುದಿಯಲ್ಲಿ ಕುಳಿತುಕೊಳ್ಳಿ.

ಹಣೆಗೆ ಅಂಟಿಸುವ ಸ್ಟಿಕ್ಕರ್ ತುರಿಸಿದರೆ ಮುಂದುವರಿಸಬೇಡಿ. ಕೆಲವು ಅಂಟುಗಳಲ್ಲಿರುವ ಪಿಟಿಬಿಪಿ ಎಂಬ ರಾಸಾಯನಿಕದಿಂದ ಆ ಜಾಗ ಬಿಳಿಚಿಕೊಳ್ಳುವುದೂ ಉಂಟು. ಅರಿಸಿನದಿಂದ ಮಾಡಿದ ಕುಂಕುಮವನ್ನು ಒಂದು ಹನಿ ತೆಂಗಿನೆಣ್ಣೆಯಲ್ಲಿ ಇಟ್ಟುಕೊಳ್ಳಿ. ‘ಬೇಗ ಕಪ್ಪಾಗುವ’ ಮೆಹಂದಿ ಬೇಡವೇ ಬೇಡ. ಅದರಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಇರುತ್ತದೆ, ಗುಳ್ಳೆ ಏಳಬಹುದು. ಹುಬ್ಬಿಗೆ ದಾರದ ಬದಲು ಸಣ್ಣ ಟ್ರಿಮ್ಮರ್ ಸಾಕು. ಫೌಂಡೇಶನ್ ಮುಖದ ಮೇಲೆ ಮುಖವಾಡದಂತೆ ಅನ್ನಿಸಿದರೆ ಬಿಟ್ಟುಬಿಡಿ, ಕಾಡಿಗೆ ಮತ್ತು ತುಟಿಗೆ ಬಣ್ಣ ಫೋಟೋಗೆ ಸಾಕು. ಗಾಜಿನ ಬಳೆಯ ಸದ್ದು ಕೆಲವರಿಗೆ ಹಿಂಸೆ, ಕೆಲವರಿಗೆ ಅದೇ ಸಮಾಧಾನ, ಕೈ ಆಡಿಸಲು ಒಂದು ನೆಪವೂ ಆಗುತ್ತದೆ. ನಿಮಗೆ ಯಾವುದೆಂದು ಮೊದಲೇ ನೋಡಿಕೊಳ್ಳಿ.

ಸದ್ದು: ಇಡೀ ಮದುವೆಯಲ್ಲಿ ಅತಿ ಜೋರಿನ ಹೊತ್ತು ಮಾಂಗಲ್ಯಧಾರಣೆಯ ಗಟ್ಟಿಮೇಳ. ಪುರೋಹಿತರ ಕೈ ಮೇಲೇಳುವ ಮೊದಲೇ ಕಿವಿಗೆ ಫೋಮ್ ಪ್ಲಗ್ ಹೋಗಿರಬೇಕು. ಹಾಕುವ ಕ್ರಮ ಹೀಗೆ: ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ತುರುಕಿದರೆ ಅಷ್ಟೊಂದು ಪ್ರಯೋಜನವಿಲ್ಲ. ಛತ್ರದ ಒಂದು ಕೋಣೆಯ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಪ್ರತಿ ಗಂಟೆಗೆ ಹತ್ತು ನಿಮಿಷ ಅಲ್ಲಿಗೆ ಹೋಗಿ, ಸಂಕಟ ಆದಮೇಲೆ ಓಡುವುದಲ್ಲ, ಆಗುವ ಮೊದಲೇ. ಅಕ್ಕನಿಗೆ ಈಗಲೇ ಹೇಳಿಬಿಡಿ: ‘ನಿನ್ನ ಧಾರೆಗೆ ನಾನು ಪಕ್ಕದಲ್ಲೇ ಇರ್ತೀನಿ, ರಿಸೆಪ್ಷನ್‌ನಲ್ಲಿ ಮೊದಲ ಅರ್ಧ ಗಂಟೆ ಮಾತ್ರ.’ ಆ ಒಪ್ಪಂದ ಇದ್ದರೆ ಚಿಕ್ಕಮ್ಮ ಹುಡುಕಿಕೊಂಡು ಬಂದಾಗ ಅವಳೇ ಉತ್ತರ ಕೊಡುತ್ತಾಳೆ.

ಪ್ರಶ್ನೆ: ಮೊಮ್ಮಗ ಹನ್ನೊಂದು ವರ್ಷದಾಂವ. ಇಂಗ್ಲಿಷ್ ಕಾಮಿಕ್ಸ್‌ನಾಗಿನ ವಿಚಿತ್ರ ಮಂದೀನ ತನ್ನ ಮಂದಿ ಅಂತಾನ. ನಮ್ಮ ಪುರಾಣದಾಗ ಅಂಥವರು ಯಾರೂ ಇಲ್ಲೇನು? ಅಷ್ಟಾವಕ್ರನ ಕಥಿ ಹೇಳಲೇನು? – ಧಾರವಾಡ

ಉತ್ತರ: ಅಜ್ಜಾರ, ಅಷ್ಟಾವಕ್ರನ ಕಥೆ ಒಳ್ಳೆಯದೇ, ಆದರೆ ಕೊನೆ ನೋಡಿಕೊಂಡು ಹೇಳಿ. ಜನಕನ ಸಭೆಯಲ್ಲಿ ಗೆಲ್ಲುವುದು ಸರಿ. ಮಹಾಭಾರತದ ವನಪರ್ವದಲ್ಲಿ ಆಮೇಲೆ ಅವನು ಸಮಂಗಾ ನದಿಯಲ್ಲಿ ಮುಳುಗೆದ್ದು ಮೈ ನೆಟ್ಟಗಾಗಿ ಬರುತ್ತಾನೆ. ‘ನಾನೂ ನೆಟ್ಟಗಾಗಬೇಕಾ?’ ಎಂದು ಮೊಮ್ಮಗ ಕೇಳಿದರೆ ಉತ್ತರ ಸಿದ್ಧವಿರಲಿ.

ನಮ್ಮ ಮತ ಶಿವಗಣಕ್ಕೆ. ಕುಳ್ಳರು, ಡೊಳ್ಳುಹೊಟ್ಟೆಯವರು, ಪ್ರಾಣಿಮುಖದವರು, ಕೈಕಾಲು ಹೆಚ್ಚುಕಡಿಮೆ ಇರುವವರು – ಮದುವೆಯ ದಿಬ್ಬಣಕ್ಕೆ ಇವರನ್ನೆಲ್ಲ ಶಿವ ಹಾಗೇ ಕರೆದುಕೊಂಡು ಹೋಗುತ್ತಾನೆ. ಶಿವಪುರಾಣದಲ್ಲಿ ಅತ್ತೆ ಮೇನಾದೇವಿ ಆ ದಿಬ್ಬಣ ನೋಡಿ ಮೂರ್ಛೆ ಹೋಗುತ್ತಾಳೆ. ಗಣದವರು ಮಾತ್ರ ಹಿಂದೆ ಉಳಿಯುವುದಿಲ್ಲ. ಅವರಲ್ಲೂ ಭೃಂಗಿಯ ಕಥೆ ಹೇಳಿ. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕುತ್ತೇನೆ ಎಂದು ಹಟ ಹಿಡಿದು, ಪಾರ್ವತಿಯ ಶಾಪದಿಂದ ಮೈಯ ಮಾಂಸವೆಲ್ಲ ಹೋಗಿ, ನಿಲ್ಲಲಾಗದಾಗ ಶಿವ ಅವನಿಗೆ ಮೂರನೆಯ ಕಾಲು ಕೊಟ್ಟ. ಮೈ ಮೊದಲಿನಂತಾಗಲಿಲ್ಲ, ಆಸರೆ ಸಿಕ್ಕಿತು. ಒಂದೇ ಸಂಗತಿಗೆ ಅಂಟಿಕೊಂಡು ಸುತ್ತುವ ಹಟ ನಿಮ್ಮ ಮೊಮ್ಮಗನಿಗೆ ತಟ್ಟನೆ ಅರ್ಥವಾದೀತು. ಶಾಪದ ಭಾಗ ಮುಚ್ಚಿಡಬೇಡಿ. ಆದರೆ ಆಟಿಸಂ ಯಾರ ಶಾಪವೂ ಅಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿ.

ನೀವಿರುವ ಕಡೆಯಿಂದ ಬಾದಾಮಿ ದೂರವಿಲ್ಲ. ಅಲ್ಲಿನ ಒಂದನೆಯ ಗುಹೆಯ ಅರ್ಧನಾರೀಶ್ವರನ ಪಕ್ಕದಲ್ಲಿ ಎಲುಬಿನ ಹಂದರವಾಗಿ ನಿಂತಿರುವವನೇ ಭೃಂಗಿ. ಅದೇ ಗುಹೆಯ ಜಗತಿಯ (ಬುಡದ ಕಟ್ಟೆಯ) ಉದ್ದಕ್ಕೂ ಕುಳ್ಳ ಗಣಗಳ ಸಾಲಿದೆ, ಒಬ್ಬನ ಹಾಗೆ ಇನ್ನೊಬ್ಬನಿಲ್ಲ. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ; ಬಿಸಿಲು, ಶಾಲಾ ಪ್ರವಾಸದ ಗದ್ದಲ ಎರಡೂ ಇರುವುದಿಲ್ಲ. ತಿಂಡಿಯ ಚೀಲ ಕೈಯಲ್ಲಿ ಹಿಡಿಯಬೇಡಿ, ಮಂಗ ಕಿತ್ತುಕೊಂಡರೆ ಆ ದಿನ ಅಲ್ಲಿಗೇ ಮುಗಿಯುತ್ತದೆ. ನಾಲ್ಕೂ ಗುಹೆ ನೋಡಲೇಬೇಕೆಂದಿಲ್ಲ. ಗಣಗಳನ್ನು ಎಣಿಸುತ್ತ ಕೂತರೆ ಕೂರಲಿ.

ಪ್ರಶ್ನೆ: ಬೆಂಗಳೂರಿನ ಕಾಮಿಕ್ಸ್ ಅಭಿಮಾನಿಗಳ ಮೇಳ ಕಾಮಿಕ್ ಕಾನ್‌ಗೆ ಮಗ (17) ಪೂರ್ತಿ ವೇಷ ಹಾಕಿ ಹೋಗಬೇಕಂತೆ. ಮುಖಕ್ಕೆ ಬಣ್ಣ, ಮೈಗೆ ಕವಚ. ಜನಜಂಗುಳಿ ತಡೆಯುತ್ತಾನಾ? – ಬೆಂಗಳೂರು

ಉತ್ತರ: ವೇಷದೊಳಗೆ ಇದ್ದಾಗ ಅನೇಕರು ಚೆನ್ನಾಗಿಯೇ ತಡೆಯುತ್ತಾರೆ. ಅಲ್ಲಿ ದಿಟ್ಟಿಸಿ ನೋಡುವುದಕ್ಕೆ ಕಾರಣ ಗೊತ್ತಿರುತ್ತದೆ, ‘ಫೋಟೋ ತೆಗೆಯಲಾ?’ ‘ಸರಿ’ ಎಂಬ ಎರಡು ಮಾತಿನಲ್ಲಿ ಸಂಭಾಷಣೆ ಮುಗಿಯುತ್ತದೆ. ಯಕ್ಷಗಾನದ ಬಣ್ಣದ ವೇಷದವರು ಮುಖಕ್ಕೆ ಅಕ್ಕಿಹಿಟ್ಟು-ಸುಣ್ಣದ ಚಿಟ್ಟಿ (ಉಬ್ಬು ಚುಕ್ಕೆ) ಇಟ್ಟುಕೊಳ್ಳುತ್ತ ಗಂಟೆಗಟ್ಟಲೆ ಚೌಕಿಯಲ್ಲಿ ಕೂರುತ್ತಾರಲ್ಲ, ಆ ನಿಧಾನದ ತಯಾರಿಯೇ ಅರ್ಧ ನೆಮ್ಮದಿ.

ಕವಚಕ್ಕೆ ಇವಿಎ ಫೋಮ್ ಎಂಬ ಹಗುರ, ಮೆತ್ತನೆಯ ಹಾಳೆ ಬಳಸಿ: ಎದೆಗೆ 10 ಮಿಲಿಮೀಟರ್, ತೋಳಿಗೆ 5. ಅಂಟಿನ ಘಾಟು ಆಗದಿದ್ದರೆ ಗ್ಲೂ ಗನ್ ಬಳಸಿ, ಆದರೆ ವೇಷವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆ ಅಂಟು ಬಿಡುತ್ತದೆ. ಕಂಕುಳಲ್ಲಿ, ಮೊಣಕೈ ಒಳಭಾಗದಲ್ಲಿ ಫೋಮ್ ಬೇಡ. ಇಡೀ ಕವಚ ಎರಡು ನಿಮಿಷದೊಳಗೆ ಒಬ್ಬನೇ ಬಿಚ್ಚುವಂತಿರಬೇಕು, ವೆಲ್ಕ್ರೋ ಹಾಕಿ. ಬಣ್ಣವನ್ನು ಎರಡು ದಿನ ಮೊದಲೇ ಮೊಣಕೈ ಒಳಗೆ ಹಚ್ಚಿ ಪರೀಕ್ಷಿಸಿ. ತೇವದ ಸ್ಪಂಜಿನಲ್ಲಿ ತೆಳುವಾಗಿ ಎರಡು ಸಲ ಹಚ್ಚಬೇಕು, ಮೊದಲನೆಯದು ಒಣಗಿದ ಮೇಲೆಯೇ ಎರಡನೆಯದು. ಒಂದೇ ಸಲ ದಪ್ಪಗೆ ಬಳಿದರೆ ನಕ್ಕಾಗ ಬಿರುಕು ಬಿಡುತ್ತದೆ, ಬಿರುಕು ಕೆರೆಯುತ್ತದೆ. ಪೋಸ್ಟರ್ ಬಣ್ಣ, ಅಕ್ರಿಲಿಕ್, ಹೋಳಿ ಪುಡಿ ಯಾವುದೂ ಮುಖಕ್ಕಲ್ಲ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಒಳಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಹೊರಬನ್ನಿ.

ಪ್ರಶ್ನೆ: ಐಟಿಯಲ್ಲಿದ್ದೇನೆ, 34 ವರ್ಷ, ಆಟಿಸಂ ಎಂದು ಇತ್ತೀಚೆಗೆ ಗೊತ್ತಾಯಿತು. ಹೆಂಡತಿ ‘ನೀವು ಯಂತ್ರ ಇದ್ದ ಹಾಗೆ’ ಅನ್ನುತ್ತಾಳೆ. ನನಗೂ ಸ್ಟಾರ್ ಟ್ರೆಕ್‌ನ ಡೇಟಾ ಎಂಬ ಆಂಡ್ರಾಯ್ಡ್ (ಮನುಷ್ಯರೂಪದ ಯಂತ್ರ) ಜೊತೆಗೇ ನಂಟು. ಇದು ಕೆಟ್ಟದ್ದೇ? – ಸ್ಟುಟ್‌ಗಾರ್ಟ್, ಜರ್ಮನಿ

ಉತ್ತರ: ನಂಟು ಕೆಟ್ಟದ್ದಲ್ಲ, ಆದರೆ ‘ಯಂತ್ರಕ್ಕೆ ಭಾವನೆ ಇಲ್ಲ’ ಎಂಬ ಭಾಗ ನಿಮಗೆ ಅನ್ವಯಿಸುವುದಿಲ್ಲ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮ ಭಾವನೆಗೆ ಹೆಸರಿಡುವುದು ಕಷ್ಟ. ಅದಕ್ಕೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಭಾವನೆ ಇರುತ್ತದೆ, ಹೊಟ್ಟೆ ಹಿಂಡುತ್ತದೆ, ಪದ ಮಾತ್ರ ಮರುದಿನ ಬರುತ್ತದೆ. ಅರ್ಥವಾಗದಿರುವುದೂ ಒಂದೇ ಕಡೆಯದಲ್ಲ. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ಇದನ್ನು ಎರಡು ಕಡೆಯ ತೊಡಕು ಎಂದು ವಾದಿಸಿದರು. 2020ರಲ್ಲಿ ಪ್ರಕಟವಾದ ಎಡಿನ್‌ಬರೊದ ಪ್ರಯೋಗವೊಂದರಲ್ಲಿ ಎಂಟೆಂಟು ಜನರ ಸಾಲಿನಲ್ಲಿ ಒಬ್ಬರಿಂದೊಬ್ಬರಿಗೆ ಕಥೆ ದಾಟಿಸಿದರು. ಆಟಿಸಂ ಇರುವವರದೇ ಸಾಲು, ಇಲ್ಲದವರದೇ ಸಾಲು, ಎರಡೂ ಒಂದೇ ಸಮ ದಾಟಿಸಿದವು. ಕಥೆ ಹೆಚ್ಚು ಸೋರಿದ್ದು ಬೆರಕೆ ಸಾಲಿನಲ್ಲಿ. ನಿಮ್ಮ ಮನೆಯೂ ಬೆರಕೆ ಸಾಲು.

ಹಾಗಾಗಿ ಬರವಣಿಗೆ ಬಳಸಿ. ಜಗಳ ಆದ ದಿನ ‘ಈಗ ಉತ್ತರ ಬರುತ್ತಿಲ್ಲ, ನಾಳೆ ರಾತ್ರಿ ಎಂಟಕ್ಕೆ ಬರೆದು ಕೊಡುತ್ತೇನೆ’ ಎಂದು ಹೇಳಿ, ಎಂಟಕ್ಕೆ ಕೊಟ್ಟೇ ಕೊಡಿ. ತಪ್ಪಿದರೆ ಅವರಿಗೆ ಅದು ತಪ್ಪಿಸಿಕೊಳ್ಳುವ ಉಪಾಯದಂತೆ ಕಾಣುತ್ತದೆ, ಮುಂದಿನ ಸಲ ನಂಬುವುದಿಲ್ಲ. 1989ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಡೇಟಾ ಬಾಹ್ಯಾಕಾಶ ನೌಕಾಪಡೆಯ ಸ್ವತ್ತೇ ಅಥವಾ ತನ್ನ ಆಯ್ಕೆ ತಾನೇ ಮಾಡಬಲ್ಲವನೇ ಎಂದು ವಿಚಾರಣೆ ನಡೆಯುತ್ತದೆ. ಅದನ್ನು ಇಬ್ಬರೂ ಕೂತು ನೋಡಿ. ಅವನು ಹೆಚ್ಚು ಮನುಷ್ಯನಾದದ್ದರಿಂದ ಗೆಲ್ಲುವುದಿಲ್ಲ. ಎಲ್ಲಿ ‘ಇದು ನಾನೇ’ ಅನ್ನಿಸಿತೋ ಅಲ್ಲಿ ರಿಮೋಟ್ ಒತ್ತಿ ನಿಲ್ಲಿಸಿ. ಹೆಂಡತಿಗೂ ಒಂದು ರಿಮೋಟ್ ಹಕ್ಕು ಕೊಡಿ.

ಪ್ರಶ್ನೆ: ಆಟಿಸಂ ಇರುವ ಮಗಳಿಗೆ (14) ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಅಭಿಮಾನಿ ಗುಂಪಿನಲ್ಲಿ ‘ನನ್ನಂಥವರು’ ಸಿಕ್ಕಿದ್ದಾರಂತೆ. ಮುಖ ಗೊತ್ತಿಲ್ಲದವರು. ಬಿಡಲೋ ಬೇಡವೋ? – ಮಂಗಳೂರು

ಉತ್ತರ: ಬಿಡಿ, ಬಾಗಿಲು ತೆರೆದಿಟ್ಟು. ಮುಖ ಕಾಣದ ಮಾತಿನಲ್ಲಿ ಅವಳಿಗೆ ಅನುಕೂಲವೇ ಹೆಚ್ಚು. ಆದರೆ ‘ಅಪರಿಚಿತರ ಹತ್ತಿರ ಹುಷಾರು’ ಎಂಬ ಅಸ್ಪಷ್ಟ ಮಾತು ಈ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ. ಎರಡು ವಾರ ಮಾತಾಡಿದವರು ಅವಳ ಲೆಕ್ಕದಲ್ಲಿ ಅಪರಿಚಿತರಲ್ಲ. ನಿಯಮವನ್ನು ನಿಯಮದಂತೆ ಬರೆದು ಕೊಡಿ. ಶಾಲೆಯ ಹೆಸರು, ಫೋನ್ ನಂಬರ್, ಮನೆಯ ವಿಳಾಸ ಕೊಡುವ ಹಾಗಿಲ್ಲ. ಮುಖದ ಫೋಟೋ ಇಲ್ಲ, ಬರೆದ ಚಿತ್ರ ಕಳಿಸಬಹುದು. ಯಾರಾದರೂ ‘ಅಮ್ಮನಿಗೆ ಹೇಳಬೇಡ’ ಅಂದರೆ ಅದೇ ದಿನ ಅಮ್ಮನಿಗೆ ಹೇಳಬೇಕು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ. ಈ ಕೊನೆಯ ಸಾಲಿನ ಕೆಳಗೆ ನೀವು ಸಹಿ ಹಾಕಿ. ಬೆದರಿಕೆ ಅಥವಾ ಹಣದ ಬೇಡಿಕೆ ಬಂದರೆ ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ತಿಂಗಳಿಗೊಮ್ಮೆ ಅವಳ ಪಕ್ಕ ಕೂತು ‘ನಿಮ್ಮ ಗುಂಪಿನಲ್ಲಿ ಯಾರು ಯಾವ ಪಾತ್ರ?’ ಎಂದು ಕೇಳಿ. ಮುಕ್ಕಾಲು ಗಂಟೆ ಬಿಡುವು ಇಟ್ಟುಕೊಂಡು ಕೇಳಿ.